ರೇಸ್ ಮಾಡುವ ಕೈಗೊಂದು ಲಗಾಮು

ಪೋಕರ್‌ನಲ್ಲಿ ಪಾಟ್, ಅಂದರೆ ನಡುವೆ ಸೇರಿದ ಪಣದ ಹಣ, ಗೆಲ್ಲುವುದಕ್ಕೆ ಇರುವುದು ಎರಡೇ ದಾರಿ. ಕೊನೆಯಲ್ಲಿ ಎಲೆ ತೋರಿಸಿದಾಗ ಎಲ್ಲರಿಗಿಂತ ಒಳ್ಳೆಯ ಕೈ ಇರಬೇಕು. ಇಲ್ಲವೇ ಅದಕ್ಕೆ ಮೊದಲೇ ಉಳಿದವರೆಲ್ಲ ಎಲೆ ಕೆಳಗಿಟ್ಟು ಸರಿದುಬಿಡಬೇಕು, ಅಂದರೆ ಫೋಲ್ಡ್ ಮಾಡಬೇಕು. ಎದುರಾಳಿ ಕಟ್ಟಿದ್ದಕ್ಕೆ ಸಮ ಹಾಕುತ್ತ, ಅಂದರೆ ಬರೀ ಕಾಲ್ ಮಾಡುತ್ತ ಹೋಗುವವನಿಗೆ ಮೊದಲನೆಯ ದಾರಿ ಮಾತ್ರ ಉಳಿಯುತ್ತದೆ. ತಾನೇ ಪಣ ಕಟ್ಟುವವನಿಗೆ, ಕಟ್ಟಿದ್ದನ್ನು ಏರಿಸುವವನಿಗೆ, ಅಂದರೆ ರೇಸ್ ಮಾಡುವವನಿಗೆ, ಎರಡೂ ದಾರಿಗಳು ತೆರೆದಿರುತ್ತವೆ. ಪೋಕರ್ ಕಲಿಸುವ ಪುಸ್ತಕಗಳೆಲ್ಲ ಆಕ್ರಮಣಕಾರಿ ಆಟವನ್ನು ಹೊಗಳುವುದು ಈ ಕಾರಣಕ್ಕೆ. ಆದರೆ ಕಾರಣ ಮರೆತುಹೋಗಿ ಆಕ್ರಮಣ ಮಾತ್ರ ಕೈಗೆ ಅಂಟಿಕೊಂಡರೆ, ಗೆಲ್ಲಿಸಬೇಕಾದ ಗುಣವೇ ಸೋಲಿಸುವ ಚಟವಾಗುತ್ತದೆ. ಹಲವು ವರ್ಷ ಆಡಿದ ಬಹುತೇಕ ಆಟಗಾರರ ನೆನಪಿನಲ್ಲಿ ಹೀಗೆ ಕೈ ಮೀರಿ ಆಡಿದ ಒಂದು ಕಾಲ ಇದ್ದೇ ಇರುತ್ತದೆ.

ಇಂದು ಹೆಚ್ಚಾಗಿ ಆಡುವ ಬಗೆ ಟೆಕ್ಸಸ್ ಹೋಲ್ಡೆಮ್. ಒಬ್ಬೊಬ್ಬರಿಗೆ ಎರಡೆರಡು ಎಲೆಗಳನ್ನು ಮುಚ್ಚಿ ಹಂಚುತ್ತಾರೆ. ಆಮೇಲೆ ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳು ತೆರೆಯುತ್ತವೆ: ಮೊದಲು ಒಟ್ಟಿಗೆ ಮೂರು, ಅದು ಫ್ಲಾಪ್, ಮುಂದಿನದು ಟರ್ನ್, ಕೊನೆಯದು ರಿವರ್. ಎಲೆ ಹಂಚಿದ ಕೂಡಲೇ ಒಂದು ಸುತ್ತು, ನಡುವಿನ ಎಲೆಗಳು ಬಿದ್ದಾಗ ಮೂರು ಸುತ್ತು, ಹೀಗೆ ನಾಲ್ಕು ಸಲ ಪಣ ಕಟ್ಟುವ ಅವಕಾಶ. ನೋ-ಲಿಮಿಟ್ ಆಟದಲ್ಲಿ ಮುಂದಿರುವ ಚಿಪ್‌ಗಳಷ್ಟನ್ನೂ ಯಾವ ಸುತ್ತಿನಲ್ಲಾದರೂ ಒಮ್ಮೆಲೇ ಇಡಬಹುದು, ಅದೇ ಆಲ್-ಇನ್.

ಈ ಆಟದಲ್ಲಿ ಒಳ್ಳೆಯ ಎಲೆಗಳು ಅಪರೂಪ. ಎರಡು ಎಲೆಗಳ ಕೈ 1,326 ಬಗೆಯಲ್ಲಿ ಬರಬಹುದು. ಅದರಲ್ಲಿ ಜೋಡಿ ಬರುವುದು ಸರಾಸರಿ 17 ಸಲಕ್ಕೊಮ್ಮೆ, ಎಕ್ಕದ ಜೋಡಿ 221 ಸಲಕ್ಕೊಮ್ಮೆ. ಜೋಡಿಯಲ್ಲದ ಎರಡು ಎಲೆ ಹಿಡಿದವನಿಗೆ ಫ್ಲಾಪ್‌ನಲ್ಲಿ ಒಂದು ಜೋಡಿಯೋ ಅದಕ್ಕಿಂತ ಒಳ್ಳೆಯದೋ ಆಗುವುದು ಸುಮಾರು ಮೂರರಲ್ಲಿ ಒಂದು ಸಲ. ಅಂದರೆ ಇಬ್ಬರು ಎದುರುಬದುರಾದಾಗ ಹಲವು ಸಲ ಇಬ್ಬರ ಕೈಯಲ್ಲೂ ಹೇಳಿಕೊಳ್ಳುವಂಥದ್ದು ಏನೂ ಇರುವುದಿಲ್ಲ. ಆಗ ಮೊದಲು ಪಣ ಕಟ್ಟಿದವನು ಪಾಟ್ ಎತ್ತಿಕೊಂಡು ಹೋಗುತ್ತಾನೆ. ಆಕ್ರಮಣದ ಬಲವೂ ಇಲ್ಲಿದೆ, ಅದು ಚಟವಾಗುವ ಬೀಜವೂ ಇಲ್ಲಿದೆ. ಕಟ್ಟಿದಾಗಲೆಲ್ಲ ಎದುರಿನವರು ಎಲೆ ಎಸೆಯುತ್ತ ಹೋದರೆ, ಕಟ್ಟುವುದೊಂದೇ ಆಟ ಎಂಬ ನಂಬಿಕೆ ಬೇಗ ಬಲಿಯುತ್ತದೆ.

ಆಕ್ರಮಣಕಾರಿ ಆಟಕ್ಕೆ ಪುಸ್ತಕದ ರೂಪ ಕೊಟ್ಟವರಲ್ಲಿ ಟೆಕ್ಸಸ್‌ನ ಡಾಯ್ಲ್ ಬ್ರನ್ಸನ್ ಪ್ರಮುಖರು. ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊದಲ್ಲಿ 1970ರಲ್ಲಿ ಶುರುವಾದ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯವನ್ನು ಅವರು 1976 ಮತ್ತು 1977ರಲ್ಲಿ ಸತತವಾಗಿ ಗೆದ್ದರು. ಎರಡೂ ವರ್ಷ ಕೊನೆಯ ಕೈಯಲ್ಲಿ ಅವರ ಬಳಿ ಇದ್ದದ್ದು ಹತ್ತು ಮತ್ತು ಎರಡು. ನೋಡಿದರೆ ಎಸೆಯಬೇಕೆನಿಸುವ ಎಲೆಗಳು. ಆ ದಶಕದ ಕೊನೆಗೆ ಅವರು ಹೊರತಂದ 'ಸೂಪರ್ ಸಿಸ್ಟಮ್' ಪುಸ್ತಕದ ಬೆಲೆ ಆಗಲೇ 100 ಡಾಲರ್. ಬಿಡದೆ ಒತ್ತಡ ಹೇರಿ ಸಣ್ಣ ಪಾಟ್‌ಗಳನ್ನು ಗೆಲ್ಲುತ್ತಿರಬೇಕು, ದೊಡ್ಡ ಪಾಟ್‌ನಲ್ಲಿ ಅಪಾಯಕ್ಕೆ ಇಳಿಯುವಾಗ ಆ ಗಳಿಕೆಯೇ ಬಂಡವಾಳವಾಗುತ್ತದೆ ಎಂಬುದು ಅದರ ತಿರುಳು. ಓದಿದವರಲ್ಲಿ ಹಲವರಿಗೆ ಒತ್ತಡ ಹೇರುವ ಭಾಗ ನೆನಪಿನಲ್ಲಿ ಉಳಿಯಿತು. ಎದುರಾಳಿಯನ್ನು ಅಳೆಯುವ, ತಿರುಗಿಬಿದ್ದಾಗ ಹಿಂದೆ ಸರಿಯುವ ಭಾಗ ಮರೆತುಹೋಯಿತು.

ಬ್ಲಫ್, ಅಂದರೆ ಎಲೆಯಿಲ್ಲದೆಯೂ ಇದ್ದಂತೆ ಪಣ ಕಟ್ಟುವುದು, ಬರೀ ಧೈರ್ಯದ ಪ್ರದರ್ಶನವಲ್ಲ. ಜಾನ್ ಫಾನ್ ನ್ಯೂಮನ್ ಮತ್ತು ಆಸ್ಕರ್ ಮಾರ್ಗೆನ್‌ಸ್ಟರ್ನ್ 1944ರಲ್ಲಿ ಪ್ರಕಟಿಸಿದ ಆಟಗಳ ಸಿದ್ಧಾಂತದ ಗ್ರಂಥದಲ್ಲಿ ಪೋಕರ್‌ಗೆ ಪ್ರತ್ಯೇಕ ಭಾಗವೇ ಇದೆ. ಒಳ್ಳೆಯ ಕೈಗೆ ಮಾತ್ರ ಪಣ ಕಟ್ಟುವವನ ಎದುರು ಯಾರೂ ಕಾಲ್ ಮಾಡುವುದಿಲ್ಲ. ನಡುನಡುವೆ ಬ್ಲಫ್ ಇದ್ದರೆ ಮಾತ್ರ ಅವನ ಒಳ್ಳೆಯ ಕೈಗೆ ಹಣ ಸಿಗುತ್ತದೆ. ಆದರೆ ಅದಕ್ಕೊಂದು ಪ್ರಮಾಣವಿದೆ. ಪಾಟ್‌ನಲ್ಲಿ ಇರುವಷ್ಟನ್ನೇ ಬ್ಲಫ್‌ಗೆ ಕಟ್ಟಿದರೆ ಅದು ಎರಡರಲ್ಲಿ ಒಂದು ಸಲ ಫಲಿಸಬೇಕು, ಇಲ್ಲದಿದ್ದರೆ ನಷ್ಟ. ಪಾಟ್‌ನ ಅರ್ಧ ಕಟ್ಟಿದರೆ ಮೂರರಲ್ಲಿ ಒಂದು ಸಲ ಫಲಿಸಿದರೆ ಸಾಕು. ಪಾಟ್‌ನ ಎರಡರಷ್ಟು ಕಟ್ಟಿದರೆ ಮೂರರಲ್ಲಿ ಎರಡು ಸಲ ಫಲಿಸಬೇಕು. ಎದುರಾಳಿ ನಿಪುಣನಾಗಿದ್ದರೆ, ರಿವರ್‌ನಲ್ಲಿ ಪಾಟ್‌ನಷ್ಟೇ ಪಣ ಕಟ್ಟುವ ಆಟಗಾರನ ಬಳಿ ಎರಡು ನಿಜವಾದ ಕೈಗಳಿಗೆ ಒಂದು ಬ್ಲಫ್‌ನಂತೆ ಇರಬೇಕು. ಚಟಕ್ಕೆ ಬಿದ್ದವನಲ್ಲಿ ಈ ಪ್ರಮಾಣ ತಲೆಕೆಳಗಾಗಿರುತ್ತದೆ.

ಇಂಥ ಚಟ ಬೆಳೆಯುವ ಬಗೆಯನ್ನು ದಕ್ಷಿಣ ಬೆಂಗಳೂರಿನ ಒಂದು ಮನೆಯ ಮೇಜು ಚೆನ್ನಾಗಿ ತೋರಿಸುತ್ತಿತ್ತು. 2013ರ ನಂತರ ನಗರದಲ್ಲಿ ಪೋಕರ್ ಕ್ಲಬ್‌ಗಳು ತಲೆಯೆತ್ತಿದ ಕಾಲ ಅದು. ದೀಪಾವಳಿಗೆ ಇಸ್ಪೀಟು ಹಿಡಿದು ರಮ್ಮಿ ಆಡುತ್ತಿದ್ದವರು, ಅಂದರ್-ಬಾಹರ್ ನೋಡುತ್ತ ಬೆಳೆದವರು ಹೋಲ್ಡೆಮ್ ಕಲಿಯುತ್ತಿದ್ದರು. ಶನಿವಾರ ರಾತ್ರಿ ಊಟ ಮುಗಿಸಿ ಆ ಮೇಜಿಗೆ ಬರುತ್ತಿದ್ದವರಲ್ಲಿ ಬ್ಯಾಂಕ್ ನೌಕರರಿದ್ದರು, ಸಾಫ್ಟ್‌ವೇರ್‌ನವರಿದ್ದರು, ಒಬ್ಬ ಮೆಡಿಕಲ್ ಸ್ಟೋರ್ ಮಾಲೀಕರೂ ಇದ್ದರು. ಸಾಫ್ಟ್‌ವೇರ್‌ನ ಯುವಕನೊಬ್ಬನ ಆಟ ಎಲ್ಲರಿಗೂ ಪರಿಚಿತವಾಗಿತ್ತು. ಎಲೆ ಹಂಚಿ ಮುಗಿಯುವ ಮುಂಚೆಯೇ ಅವನ ಬೆರಳುಗಳು ಚಿಪ್‌ಗಳ ಮೇಲಿರುತ್ತಿದ್ದವು. "ಮತ್ತೆ ರೇಸಾ ಮಾರಾಯ!" ಎಂಬುದು ಆ ಮೇಜಿನ ಮಾಮೂಲು ಮಾತು.

ಅವನ ಒಂದು ಕೈ ಆ ಮೇಜಿನವರ ನೆನಪಿನಲ್ಲಿ ಉಳಿಯಿತು. ಎಲೆ ನೋಡುವ ಮೊದಲೇ ಇಬ್ಬರು ಇಡಲೇಬೇಕಾದ ಪಣಗಳಲ್ಲಿ ಸಣ್ಣ ಬ್ಲೈಂಡ್ 10 ರೂಪಾಯಿ, ದೊಡ್ಡದು 20. ಯುವಕನಿಗೆ ಎಕ್ಕ-ರಾಜ ಬಂತು, 60ಕ್ಕೆ ಏರಿಸಿದ. ಅಷ್ಟರ ಮಟ್ಟಿಗೆ ಸರಿಯಾದ ಆಟವೇ. ದೊಡ್ಡ ಬ್ಲೈಂಡ್‌ನಲ್ಲಿ ಕೂತಿದ್ದ ಮೆಡಿಕಲ್ ಸ್ಟೋರ್‌ನವರು ಮಾತ್ರ ಕಾಲ್ ಮಾಡಿದರು. ಪಾಟ್ 130 ಆಯಿತು. ಫ್ಲಾಪ್‌ನಲ್ಲಿ ಒಂಬತ್ತು, ಎಂಟು, ಆರು ಬಿದ್ದವು. ಎಕ್ಕ-ರಾಜಕ್ಕೆ ಏನೂ ಹೊಂದಲಿಲ್ಲ. ಯುವಕ 100 ಕಟ್ಟಿದ, ಅವರು ಕಾಲ್ ಮಾಡಿದರು. ಟರ್ನ್‌ನಲ್ಲಿ ಎರಡು ಬಿತ್ತು. 250 ಕಟ್ಟಿದ, ಅವರು ಒಂದು ಗುಟುಕು ನೀರು ಕುಡಿದು ಮತ್ತೆ ಕಾಲ್ ಮಾಡಿದರು. ರಿವರ್‌ನಲ್ಲಿ ರಾಣಿ. ಪಾಟ್ 830 ಇತ್ತು, ಯುವಕನ ಮುಂದೆ ಉಳಿದದ್ದು 800. ಅಷ್ಟನ್ನೂ ನಡುವಿಗೆ ತಳ್ಳಿದ. ಅವರು ಹೆಚ್ಚು ಯೋಚಿಸದೆ ಕಾಲ್ ಮಾಡಿ ಹತ್ತು-ಎಂಟು ತೋರಿಸಿದರು. ಬರೀ ಎಂಟರ ಜೋಡಿ.

"ಒಂದು ಎಂಟಕ್ಕೆ ಇಷ್ಟೊಂದು ದುಡ್ಡು ಹಾಕಿದ್ರಾ ಸಾರ್?" ಎಂದು ಯುವಕ ಕೇಳಿದಾಗ ಅವರು ಹೇಳಿದ್ದು ಇಷ್ಟು: "ಎಂಟಕ್ಕಲ್ಲಪ್ಪ. ನೀನು ಯಾವಾಗ್ಲೂ ಹೊಡೀತೀಯಲ್ಲ, ಅದಕ್ಕೆ."

ಆ ಉತ್ತರದಲ್ಲಿ ಅತಿಯಾದ ಆಕ್ರಮಣದ ಪೂರ್ತಿ ಪಾಠ ಇದೆ. 830ರ ಪಾಟ್‌ಗೆ 800 ಕಟ್ಟಿದ ಬ್ಲಫ್ ಸುಮಾರು ಎರಡರಲ್ಲಿ ಒಂದು ಸಲ ಫಲಿಸಬೇಕಿತ್ತು. ಒಂಬತ್ತು-ಎಂಟು-ಆರು ಇರುವ ಮೇಜಿನಲ್ಲಿ ಎರಡು ಸುತ್ತು ಕಾಲ್ ಮಾಡಿದವರ ಬಳಿ ಸಾಮಾನ್ಯವಾಗಿ ಜೋಡಿಯಾದರೂ ಇರುತ್ತದೆ. ಅವರು ಜೋಡಿಯನ್ನು ಎಸೆಯುವವರಲ್ಲ ಎಂಬುದೂ ಎಲ್ಲರಿಗೂ ಗೊತ್ತಿದ್ದದ್ದೇ. ಜೊತೆಗೆ ಯುವಕ ಹಿಂದಿನ ವಾರಗಳಲ್ಲಿ ಮಾಡಿದ ರೇಸ್‌ಗಳೆಲ್ಲ ಅವರ ಲೆಕ್ಕದಲ್ಲಿ ಸೇರಿದ್ದವು. ಸದಾ ಹೊಡೆಯುವವನ ಪಣಕ್ಕೆ ಬೆಲೆ ಇಳಿಯುತ್ತದೆ. ಎಲ್ಲರೂ ಸಣ್ಣ ಜೋಡಿಗಳಿಂದಲೇ ಅವನನ್ನು ತಡೆಯುತ್ತಾರೆ.

ಇದರ ಪಕ್ಕದಲ್ಲಿ 2003ರ ವರ್ಲ್ಡ್ ಸೀರೀಸ್‌ನ ಪ್ರಸಿದ್ಧ ಬ್ಲಫ್ ಅನ್ನು ಇಟ್ಟು ನೋಡಬೇಕು. 839 ಜನರು ಆಡಿದ ಆ ಪಂದ್ಯದಲ್ಲಿ ಟೆನೆಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ ಮತ್ತು ಅನುಭವಿ ಸ್ಯಾಮಿ ಫಾರ್ಹಾ ಕೊನೆಗೆ ಉಳಿದರು. ಒಂದು ಕೈಯಲ್ಲಿ ಫಾರ್ಹಾ ಬಳಿ ಒಂಬತ್ತರ ಜೋಡಿ ಇತ್ತು. ಮನಿಮೇಕರ್ ಬಳಿ ಇದ್ದದ್ದು ರಾಜ-ಏಳು; ಒಂದೇ ಜಾತಿಯ ಐದು ಎಲೆಗಳ ಫ್ಲಶ್ ಆಗಬಹುದಿತ್ತು, ಸಾಲಾದ ಐದು ಎಲೆಗಳ ಸ್ಟ್ರೇಟ್ ಆಗಬಹುದಿತ್ತು, ರಿವರ್ ಬಿದ್ದಾಗ ಎರಡೂ ಆಗಲಿಲ್ಲ. ಅವರು ಆಲ್-ಇನ್ ಹೋದರು. ಫಾರ್ಹಾ ಬಹಳ ಹೊತ್ತು ಯೋಚಿಸಿ ಗೆಲ್ಲುವ ಕೈಯನ್ನೇ ಕೆಳಗಿಟ್ಟರು. ಮನಿಮೇಕರ್ 25 ಲಕ್ಷ ಡಾಲರ್ ಗೆದ್ದರು. ನೋಡುವವರಿಗೆ ಎರಡೂ ಬ್ಲಫ್‌ಗಳು ಒಂದೇ ರೀತಿ ಕಾಣಬಹುದು. ವ್ಯತ್ಯಾಸ ಎದುರಿಗಿದ್ದವರಲ್ಲಿದೆ. ಮೇಜಿನ ಮೇಲೆ ಬಿದ್ದ ಎಲೆಗಳು ಏನೇನು ಕೈ ಕಟ್ಟಬಲ್ಲವು ಎಂದು ಯೋಚಿಸಿ ಜೋಡಿಯನ್ನು ಎಸೆಯಬಲ್ಲವರು ಫಾರ್ಹಾ. ಎಸೆಯಲಾರದವರ ಎದುರು ಬ್ಲಫ್ ಮಾಡುವುದು ಹಣ ಕೈಯೆತ್ತಿ ಕೊಟ್ಟಂತೆ. ಆ ಪಂದ್ಯದ ಟಿವಿ ಪ್ರಸಾರ ಜಗತ್ತಿನಾದ್ಯಂತ ಹೊಸ ಆಟಗಾರರನ್ನು ಮೇಜಿಗೆ ಕರೆತಂದಿತು. ಅಂಥ ಪ್ರಸಾರಗಳು ಗಂಟೆಗಟ್ಟಲೆ ನಡೆಯುವ ಮೌನದ ಫೋಲ್ಡ್‌ಗಳನ್ನು ಕತ್ತರಿಸಿ ರೋಮಾಂಚಕ ಕೈಗಳನ್ನಷ್ಟೇ ತೋರಿಸುತ್ತವೆ. ನೋಡಿ ಕಲಿತವರು ಆಟವೆಂದರೆ ಅಷ್ಟೇ ಎಂದುಕೊಂಡರು.

ಅತಿಯಾದ ಆಕ್ರಮಣವನ್ನು ತಾಳ್ಮೆ ಹೇಗೆ ಮಣಿಸುತ್ತದೆ ಎಂಬುದಕ್ಕೆ 1988ರ ವರ್ಲ್ಡ್ ಸೀರೀಸ್ ಮುಖ್ಯ ಪಂದ್ಯದ ಕೊನೆಯ ಕೈ ಸಾಕ್ಷಿ. ಹಿಂದಿನ ವರ್ಷದ ವಿಜೇತ ಜಾನಿ ಚಾನ್ ಎದುರು ನ್ಯೂಯಾರ್ಕ್‌ನ ಯುವಕ ಎರಿಕ್ ಸೈಡೆಲ್ ಕೂತಿದ್ದರು. ಸೈಡೆಲ್ ಕೈಯಲ್ಲಿ ರಾಣಿ-ಏಳು, ಚಾನ್ ಕೈಯಲ್ಲಿ ಗುಲಾಮ-ಒಂಬತ್ತು. ಫ್ಲಾಪ್‌ನಲ್ಲಿ ರಾಣಿ, ಹತ್ತು, ಎಂಟು. ಸೈಡೆಲ್‌ಗೆ ರಾಣಿಯ ಜೋಡಿ ಆಯಿತು, ಚಾನ್‌ಗೆ ಆಗಲೇ ಸ್ಟ್ರೇಟ್ ಆಗಿಹೋಗಿತ್ತು. ಟರ್ನ್‌ನಲ್ಲಿ ಎರಡು ಬಿದ್ದಾಗ ಚಾನ್ ಪಣ ಕಟ್ಟದೆ ಚೆಕ್ ಮಾಡಿದರು. ಸೈಡೆಲ್ ಇದ್ದಷ್ಟನ್ನೂ ತಳ್ಳಿದರು. ಆಟ ಅಲ್ಲಿಗೆ ಮುಗಿಯಿತು. ಏಳು ಲಕ್ಷ ಡಾಲರ್ ಬಹುಮಾನ ಚಾನ್ ಪಾಲಾಯಿತು. ಹತ್ತು ವರ್ಷದ ನಂತರ 'ರೌಂಡರ್ಸ್' ಸಿನಿಮಾ ಆ ದೃಶ್ಯವನ್ನು ಬಳಸಿಕೊಂಡಿತು. ಪಣ ಕಟ್ಟದೆ ಇರುವುದೂ ಒಂದು ಹೆಜ್ಜೆ ಎಂಬುದನ್ನು ಆ ಕೈ ತೋರಿಸಿತು. ಎದುರಾಳಿ ಸುಮ್ಮನಾದಾಗಲೆಲ್ಲ ಅವನು ಹೆದರಿದ ಎಂದು ಓದುವುದು ಆಕ್ರಮಣದ ಚಟದ ಮೊದಲ ಲಕ್ಷಣಗಳಲ್ಲಿ ಒಂದು.

ಉಳಿದ ಲಕ್ಷಣಗಳನ್ನೂ ಗುರುತಿಸುವುದು ಕಷ್ಟವಲ್ಲ. ಸ್ಥಾನ ನೋಡದೆ ಸಿಕ್ಕ ಎಲೆಗಳಿಗೆಲ್ಲ ಏರಿಸುವುದು. ಫ್ಲಾಪ್ ಹೇಗೇ ಬೀಳಲಿ, ಮೊದಲು ಏರಿಸಿದ್ದು ತಾನೇ ಎಂಬ ಒಂದೇ ಕಾರಣಕ್ಕೆ ಮತ್ತೆ ಕಟ್ಟುವುದು. ಮೂವರು ನಾಲ್ವರು ಉಳಿದಿರುವ ಪಾಟ್‌ನಲ್ಲೂ ಬ್ಲಫ್ ಮಾಡುವುದು. ಯಾರಾದರೂ ತಿರುಗಿ ಏರಿಸಿದರೆ ಅದನ್ನು ಅವಮಾನವೆಂದು ತಿಳಿದು ಇನ್ನಷ್ಟು ಏರಿಸುವುದು. ಕಾಲ್ ಮಾಡಿದರೆ ಅಥವಾ ಎಲೆ ಎಸೆದರೆ ಅಂಜುಬುರುಕ ಅಂದುಕೊಂಡಾರು ಎಂಬ ಅಳುಕು. ಆಟದ ದಾಖಲೆ ಇಡುವ ತಂತ್ರಾಂಶಗಳು ಇದನ್ನು ಅಂಕಿಯಲ್ಲೇ ಹೇಳುತ್ತವೆ: ಕಟ್ಟಿದ ಮತ್ತು ಏರಿಸಿದ ಸಲಗಳನ್ನು ಕೂಡಿಸಿ, ಕಾಲ್ ಮಾಡಿದ ಸಲಗಳಿಂದ ಭಾಗಿಸಿದರೆ ಆಕ್ರಮಣದ ಅಂಶ ಸಿಗುತ್ತದೆ. ಮನೆಯ ಮೇಜಿನಲ್ಲಿ ಆಡುವವರಿಗೆ ಒಂದು ಪುಟ್ಟ ನೋಟ್‌ಬುಕ್ ಸಾಕು.

ಈ ಚಟದ ಬೇರು ಮನಸ್ಸಿನಲ್ಲಿದೆ. ಡೇನಿಯಲ್ ಕಾನಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1979ರಲ್ಲಿ ಪ್ರಕಟಿಸಿದ ಸಿದ್ಧಾಂತದ ಪ್ರಕಾರ ಲಾಭದ ಸಂತೋಷಕ್ಕಿಂತ ಅಷ್ಟೇ ನಷ್ಟದ ನೋವು ಹೆಚ್ಚು; ಖಚಿತ ನಷ್ಟ ಎದುರಾದಾಗ ಅದನ್ನು ತಪ್ಪಿಸಿಕೊಳ್ಳಲು ಜನ ಇನ್ನೂ ದೊಡ್ಡ ಅಪಾಯಕ್ಕೆ ಕೈ ಹಾಕುತ್ತಾರೆ. ರಿವರ್‌ನಲ್ಲಿ ಎಲೆ ಎಸೆಯುವುದೆಂದರೆ ಹಾಕಿದ ಹಣ ಹೋಯಿತೆಂದು ಒಪ್ಪಿಕೊಳ್ಳುವುದು. ಕೊನೆಯ ಬ್ಲಫ್ ಆ ಒಪ್ಪಿಗೆಯನ್ನು ಇನ್ನೊಂದು ಕ್ಷಣ ಮುಂದೂಡುತ್ತದೆ. ದೊಡ್ಡ ಕೈ ಸೋತ ಮೇಲೆ ಸಿಟ್ಟಿನಲ್ಲಿ ಆಡುವುದಕ್ಕೆ ಪೋಕರ್‌ನವರು ಟಿಲ್ಟ್ ಎನ್ನುತ್ತಾರೆ. ಟಿಲ್ಟ್ ಆದವನ ಕಣ್ಣಿಗೆ ಈಗಿನ ಎಲೆಗಳು ಕಾಣುವುದಿಲ್ಲ, ಹಿಂದಿನ ಸೋಲು ಮಾತ್ರ ಕಾಣುತ್ತದೆ.

ಆಕ್ರಮಣ ಬೇರೆ, ಸಿಟ್ಟು ಬೇರೆ ಎಂಬುದನ್ನು ಯಂತ್ರವೊಂದು ಸ್ಪಷ್ಟಪಡಿಸಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತುಮಾಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ರೂಪಿಸಿದ ಲಿಬ್ರಾಟಸ್ ಎಂಬ ಕಾರ್ಯಕ್ರಮ 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಾಲ್ವರು ವೃತ್ತಿಪರರ ಎದುರು 20 ದಿನ, 1,20,000 ಕೈ ಆಡಿ ಗೆದ್ದಿತು. ಅದರ ಆಟ ಸೌಮ್ಯವಾಗಿರಲಿಲ್ಲ. ಮನುಷ್ಯರು ಹಿಂಜರಿಯುವ ಕಡೆ ಪಾಟ್‌ಗಿಂತ ಎಷ್ಟೋ ದೊಡ್ಡ ಪಣಗಳನ್ನು ಕಟ್ಟುತ್ತಿತ್ತು. ಆದರೆ ಸೋತ ಕೈಯ ಸೇಡು ಅದಕ್ಕಿರಲಿಲ್ಲ, ಗೆದ್ದ ಕೈಯ ಅಮಲೂ ಇರಲಿಲ್ಲ. ಪ್ರತಿ ಪಣದ ಹಿಂದೆ ಲೆಕ್ಕವಿತ್ತು. ಹತೋಟಿ ಎಂದರೆ ಇದೇ. ಆಕ್ರಮಣವನ್ನು ತೊಡೆದುಹಾಕಬೇಕಿಲ್ಲ, ಅದನ್ನು ಲೆಕ್ಕದ ಅಧೀನಕ್ಕೆ ತರಬೇಕು.

ಹತೋಟಿಯ ಕೆಲಸ ಆರಂಭವಾಗುವುದು ಎಲೆಗಳ ಆಯ್ಕೆಯಿಂದ. ಎಲೆ ಹಂಚಿದ ಮೇಲೆ ಮೊದಲು ಮಾತಾಡಬೇಕಾದ ಸ್ಥಾನದಲ್ಲಿ ಕೂತವನ ಹಿಂದೆ ಇಡೀ ಮೇಜು ಕಾದಿರುತ್ತದೆ. ಅವನು ಗಟ್ಟಿ ಕೈಗಳನ್ನು ಮಾತ್ರ ಆಡಬೇಕು. ಫ್ಲಾಪ್ ನಂತರ ಕೊನೆಗೆ ಮಾತಾಡುವ ಬಟನ್ ಸ್ಥಾನದಲ್ಲಿ ಕೂತವನಿಗೆ ಎಲ್ಲರ ನಡೆ ನೋಡಿಕೊಂಡು ಆಡುವ ಅನುಕೂಲ ಇದೆ. ಬಟನ್‌ನಲ್ಲಿ ಆಡಬಹುದಾದ ಕೈಗಳಲ್ಲಿ ಅರ್ಧದಷ್ಟನ್ನೂ ಮೊದಲ ಸ್ಥಾನದಲ್ಲಿ ಆಡಲಾಗದು. ಯಾವ ಸ್ಥಾನದಲ್ಲಿ ಯಾವ ಕೈ ಎಂಬುದನ್ನು ಮನೆಯಲ್ಲೇ ಬರೆದಿಟ್ಟುಕೊಂಡು ಬಂದರೆ, ಬೆರಳುಗಳು ಚಿಪ್‌ಗಳತ್ತ ಹೋಗುವ ಮುಂಚೆ ಅರ್ಧ ತೀರ್ಮಾನ ಆಗಿರುತ್ತದೆ.

ಎರಡನೆಯದು ಪ್ರತಿ ಪಣಕ್ಕೂ ಕಾರಣ ಕೇಳುವ ಶಿಸ್ತು. ಕಟ್ಟುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡೇ: ಇದಕ್ಕಿಂತ ಕೀಳಾದ ಯಾವ ಕೈ ಕಾಲ್ ಮಾಡೀತು? ಇದಕ್ಕಿಂತ ಮೇಲಾದ ಯಾವ ಕೈ ಎಲೆ ಎಸೆದೀತು? ಎರಡಕ್ಕೂ ಉತ್ತರ ಸಿಗದಿದ್ದರೆ ಆ ಪಣಕ್ಕೆ ಅರ್ಥವಿಲ್ಲ. ಚೆಕ್ ಮಾಡಿ ಸುಮ್ಮನಿರುವುದೇ ಸರಿ. ಬೆಂಗಳೂರಿನ ಆ ಮೇಜಿನ ಯುವಕ ಈ ಪ್ರಶ್ನೆಗಳನ್ನು ಕೇಳಿಕೊಳ್ಳತೊಡಗಿದ ಮೇಲೆ ಅವನ ಆಟದ ವೇಗವೇ ಬದಲಾಯಿತು. ಸರದಿ ಬಂದಾಗ ಕೈಗಳನ್ನು ಮೇಜಿನ ಅಂಚಿನಲ್ಲಿಟ್ಟು, ಒಂದು ಉಸಿರು ತೆಗೆದುಕೊಂಡು, ಎದುರಿನವರ ಚಿಪ್‌ಗಳನ್ನು ನೋಡಿ, ಆಮೇಲೆ ತನ್ನ ಚಿಪ್ ಮುಟ್ಟುತ್ತಿದ್ದ. ಎಲೆ ಎಸೆಯುವಾಗಲೂ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತಿದ್ದ. ಆದ್ದರಿಂದ ಅವನ ನಿಧಾನ ನೋಡಿ ಯಾರೂ ಅವನ ಕೈಯನ್ನು ಊಹಿಸುವಂತಿರಲಿಲ್ಲ.

ಮೂರನೆಯದು ಎದುರಾಳಿಗಳನ್ನು ವಿಂಗಡಿಸುವುದು. ಜೋಡಿ ಸಿಕ್ಕರೆ ಬಿಡದವರ ಎದುರು ಬ್ಲಫ್ ನಿಲ್ಲಿಸಿ, ಒಳ್ಳೆಯ ಕೈ ಬಂದಾಗ ಎಂದಿಗಿಂತ ಹೆಚ್ಚು ಕಟ್ಟಬೇಕು. ಆಕ್ರಮಣ ಅಲ್ಲಿಯೂ ಇದೆ, ಆದರೆ ಸರಿಯಾದ ಜಾಗದಲ್ಲಿ. ಬೇಗ ಎಲೆ ಎಸೆಯುವವರ ಎದುರು ಸಣ್ಣ ಪಣಗಳೇ ಸಾಕು. ತಾವೇ ಸದಾ ಏರಿಸುವವರ ಎದುರು ಸುಮ್ಮನೆ ಕಾಲ್ ಮಾಡುತ್ತ ಅವರೇ ಕಟ್ಟುವಂತೆ ಬಿಡುವುದು ಲಾಭ. ಚಾನ್ ಮಾಡಿದ್ದೂ ಅದನ್ನೇ.

ನಾಲ್ಕನೆಯದು ಮೇಜಿನಿಂದ ಏಳುವ ನಿಯಮ. ಎಷ್ಟು ಹಣ ಹೋದರೆ ಏಳಬೇಕು, ಎಷ್ಟು ಹೊತ್ತಿಗೆ ಏಳಬೇಕು ಎಂಬುದು ಕೂರುವ ಮೊದಲೇ ತೀರ್ಮಾನವಾಗಿರಬೇಕು. ಸೋತ ಮೇಲೆ ಆ ತೀರ್ಮಾನ ಮಾಡುವ ಮನಸ್ಸು ಕೈಯಲ್ಲಿರುವುದಿಲ್ಲ. ದೊಡ್ಡ ಪಾಟ್ ಕೈತಪ್ಪಿದರೆ ಎದ್ದು ಹೊರಗೆ ಹೋಗಿ, ಒಂದೆರಡು ಸುತ್ತು ಬಿಟ್ಟು ಬಂದರೂ ನಷ್ಟವಿಲ್ಲ. ಆಟ ಮುಗಿದ ಮೇಲೆ ಕಾರಣ ನೆನಪಾಗದ ರೇಸ್‌ಗಳನ್ನು ಬರೆದಿಡಬೇಕು. ಗೆದ್ದ ಕೈಗಳನ್ನೂ ಹೀಗೇ ಪರೀಕ್ಷಿಸಬೇಕು. ಕೆಟ್ಟ ರೇಸ್‌ಗೂ ಕೆಲವೊಮ್ಮೆ ಪಾಟ್ ಸಿಗುತ್ತದೆ, ಒಳ್ಳೆಯ ಫೋಲ್ಡ್‌ಗೂ ಕೆಲವೊಮ್ಮೆ ಪಶ್ಚಾತ್ತಾಪ ಸಿಗುತ್ತದೆ. ಫಲಿತಾಂಶವೊಂದನ್ನೇ ನೋಡಿ ಆಟವನ್ನು ಅಳೆಯುವವನು ಚಟವನ್ನೇ ಜಾಣತನವೆಂದು ತಿಳಿಯುತ್ತಾನೆ.

ಹತೋಟಿ ಅತಿಯಾದರೂ ಕಷ್ಟವೇ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಆತ್ಮಸಂಯಮದ ಅಧ್ಯಯನಕ್ಕೆ ಹೆಸರಾದ ವಾಲ್ಟರ್ ಮಿಶೆಲ್ ಅವರ ಬಳಿ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ ಲೇಖಕಿ ಮರಿಯಾ ಕೊನಿಕೋವಾ ಪೋಕರ್‌ನ ಗಂಧಗಾಳಿ ಇಲ್ಲದೆ ಆಟಕ್ಕೆ ಇಳಿದರು. ಅವರಿಗೆ ಕಲಿಸಿದವರು 1988ರಲ್ಲಿ ಚಾನ್‌ಗೆ ಸೋತ ಅದೇ ಎರಿಕ್ ಸೈಡೆಲ್. ಆ ಸೋಲಿನ ನಂತರ ದಶಕಗಳ ಕಾಲ ಅಗ್ರಪಂಕ್ತಿಯಲ್ಲಿ ಉಳಿದು 2010ರಲ್ಲಿ ಪೋಕರ್ ಹಾಲ್ ಆಫ್ ಫೇಮ್ ಸೇರಿದವರು. ಕೊನಿಕೋವಾ ಅವರ ತೊಡಕು ತದ್ವಿರುದ್ಧವಾಗಿತ್ತು. ಒತ್ತಡ ಬಂದಾಗ ಹಿಂದೆ ಸರಿಯುವ ಅಭ್ಯಾಸವನ್ನು ಬಿಟ್ಟು ಅವರು ಏರಿಸುವುದನ್ನು ಕಲಿಯಬೇಕಾಯಿತು. 2018ರ ಜನವರಿಯಲ್ಲಿ ಬಹಾಮಾಸ್‌ನಲ್ಲಿ ಒಂದು ಪಂದ್ಯ ಗೆದ್ದರು. ಆ ಪಯಣವನ್ನು 2020ರಲ್ಲಿ ಪುಸ್ತಕವಾಗಿ ಬರೆದರು. ಆಕ್ರಮಣದ ಚಟ ಬಿಡಿಸಿಕೊಳ್ಳುವವರು ನೆನಪಿಡಬೇಕಾದ್ದು ಇದು. ಹೆದರಿ ಎಲೆ ಎಸೆಯುವುದು, ಸಿಟ್ಟಿನಲ್ಲಿ ಏರಿಸುವುದು, ಎರಡರಲ್ಲೂ ಯೋಚನೆ ಇರುವುದಿಲ್ಲ.

ಮೇಜಿನ ಮೇಲಿನ ಆಕ್ರಮಣ ಮೇಜಿನಾಚೆಗೂ ಹರಿದರೆ ಏನಾಗುತ್ತದೆ ಎಂಬುದನ್ನು ಸ್ಟೂ ಉಂಗರ್ ಜೀವನ ಹೇಳುತ್ತದೆ. ನ್ಯೂಯಾರ್ಕ್‌ನಲ್ಲಿ ಜಿನ್ ರಮ್ಮಿ ಆಡಿ ಹೆಸರು ಮಾಡಿದ್ದ ಉಂಗರ್ 1980ರ ವರ್ಲ್ಡ್ ಸೀರೀಸ್‌ನಲ್ಲಿ ಬ್ರನ್ಸನ್ ಅವರನ್ನೇ ಸೋಲಿಸಿ ಗೆದ್ದರು. 1981ರಲ್ಲಿ ಮತ್ತೆ ಗೆದ್ದರು. ಅವರಷ್ಟು ನಿರ್ಭಯವಾಗಿ ಚಿಪ್ ತಳ್ಳಿದವರು ಕಡಿಮೆ. ಎದುರಾಳಿಯ ಅಳುಕನ್ನು ಕಂಡುಹಿಡಿಯುವ ಅವರ ಕಣ್ಣು ಅಸಾಧಾರಣ. ಆದರೆ ಪೋಕರ್‌ನಲ್ಲಿ ಗೆದ್ದದ್ದನ್ನು ಕುದುರೆ ಜೂಜಿಗೆ, ಆಟಗಳ ಬೆಟ್ಟಿಂಗ್‌ಗೆ ಸುರಿದರು. ಮಾದಕವಸ್ತು ಅವರನ್ನು ಹಿಡಿದುಕೊಂಡಿತು. 1990ರ ಮುಖ್ಯ ಪಂದ್ಯದ ನಡುವೆ ಹೋಟೆಲ್ ಕೋಣೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಅವರು ಮೊದಲೇ ಗಳಿಸಿಟ್ಟಿದ್ದ ಚಿಪ್‌ಗಳು ಬ್ಲೈಂಡ್‌ಗಳಲ್ಲಿ ಕರಗುತ್ತ ಹೋದರೂ ಒಂಬತ್ತನೆಯ ಸ್ಥಾನ ಸಿಕ್ಕಿತು. 1997ರಲ್ಲಿ ಮರಳಿ ಬಂದು ಮೂರನೆಯ ಸಲ ಗೆದ್ದು ಹತ್ತು ಲಕ್ಷ ಡಾಲರ್ ಬಹುಮಾನ ಪಡೆದರು. ಮರುವರ್ಷ ನವೆಂಬರ್‌ನಲ್ಲಿ ಲಾಸ್ ವೇಗಸ್‌ನ ಮೋಟೆಲೊಂದರಲ್ಲಿ ತೀರಿಕೊಂಡಾಗ ವಯಸ್ಸು 45. ಅವರ ಬಳಿ ಹೆಚ್ಚೇನೂ ಹಣ ಉಳಿದಿರಲಿಲ್ಲ. ಇನ್ನೊಂದು ಕಡೆ ಬ್ರನ್ಸನ್ ಹತ್ತು ವರ್ಲ್ಡ್ ಸೀರೀಸ್ ಪ್ರಶಸ್ತಿಗಳನ್ನು ಗಳಿಸಿ, ಮುಪ್ಪಿನಲ್ಲೂ ದೊಡ್ಡ ಮೇಜುಗಳಲ್ಲಿ ಆಡಿ, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಬ್ಬರೂ ಆಕ್ರಮಣಕಾರಿ ಆಟಗಾರರೇ. ನಿಲ್ಲುವುದು ಗೊತ್ತಿದ್ದವರು ಒಬ್ಬರೇ.

ಕರ್ನಾಟಕದ ಆಟಗಾರರಿಗೆ ಈ ವಿಷಯಕ್ಕೆ ಕಾನೂನಿನ ಮುಖವೂ ಇದೆ. ಕೌಶಲದ ಆಟವಾಗಿ ಆಡುವ ಪೋಕರ್‌ಗೆ ಪೊಲೀಸ್ ಕಾಯ್ದೆಯಡಿ ಪರವಾನಗಿ ಬೇಕಿಲ್ಲ ಎಂದು ರಾಜ್ಯ ಹೈಕೋರ್ಟ್ 2013ರಲ್ಲಿ ಹೇಳಿತು. ಆನ್‌ಲೈನ್ ಹಣದ ಆಟಗಳನ್ನು ತಡೆಯಲು ರಾಜ್ಯ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಅದೇ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ಆಕ್ರಮಣದ ಚಟವನ್ನು ಬೆಳೆಸಿದ್ದರಲ್ಲಿ ಆನ್‌ಲೈನ್ ಆಟದ ಪಾಲು ದೊಡ್ಡದು. ಮನೆಯ ಮೇಜಿನಲ್ಲಿ ಗಂಟೆಗೆ ಇಪ್ಪತ್ತೈದು ಮೂವತ್ತು ಕೈ ನಡೆದರೆ, ಪರದೆಯ ಮೇಲೆ ಅದರ ಎರಡು ಪಟ್ಟಿಗೂ ಹೆಚ್ಚು. ಒಟ್ಟಿಗೆ ಹಲವು ಮೇಜು ತೆರೆದರೆ ಇನ್ನೂ ಹೆಚ್ಚು. ಒಂದು ಒತ್ತಿಗೆ ಚಿಪ್ ಹೋಗುವ ಕಡೆ ಯೋಚನೆಗೆ ಜಾಗ ಇರುವುದಿಲ್ಲ.

ಆಟದಲ್ಲಿನ ಆಕ್ರಮಣವನ್ನು ಅಭ್ಯಾಸದಿಂದ ತಿದ್ದಿಕೊಳ್ಳಬಹುದು. ಕಳೆದುಕೊಂಡದ್ದನ್ನು ಹಿಂಪಡೆಯಲು ಮತ್ತೆ ಮತ್ತೆ ಆಡುವುದು, ಸಾಲ ಮಾಡುವುದು, ಮನೆಯವರಿಂದ ಮುಚ್ಚಿಡುವುದು ಬೇರೆಯೇ ಮಾತು. ಅದು ಜೂಜಿನ ವ್ಯಸನ, ವೈದ್ಯಶಾಸ್ತ್ರ ಗುರುತಿಸಿರುವ ಕಾಯಿಲೆ. ಅದಕ್ಕೆ ಪುಸ್ತಕದ ಪಾಠ ಸಾಲದು. ಅಂಥ ಸ್ಥಿತಿಯಲ್ಲಿರುವವರು, ಅವರ ಮನೆಯವರು ಹಿಂಜರಿಯದೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು, ಕನ್ನಡದಲ್ಲೇ ಮಾತಾಡಬಹುದು. ಮಿಕ್ಕವರು ಮುಂದಿನ ಸಲ ಮೇಜಿಗೆ ಕೂತಾಗ ಒಂದು ನಿಯಮ ಪಾಲಿಸಲಿ: ಕಾರಣ ಹೇಳಲು ಬಾರದ ಚಿಪ್ ಅನ್ನು ಮುಂದೆ ತಳ್ಳಬಾರದು.